ಚನ್ನಪಟ್ಟಣಕ್ಕೆ ಹೋಗುವವರು ಬೈಪಾಸ್ ಬಸ್ಸು ಹತ್ತಬೇಡಿ

ಬೆಂಗಳೂರಿನಲ್ಲಿ ಮೈಸೂರು ಕಡೆಯ ತಡೆರಹಿತ ಬಸ್ಸೊಂದರ ಕಂಡಕ್ಟರ್ "ಚನ್ನಪಟ್ಟಣ ಬೈಪಾಸ್‌ನಲ್ಲಿ ಇಳಿಸ್ತೀವಿ, ಹತ್ಕೊಳ್ಳಿ ಅಮ್ಮ" ಎಂದಾಗ, ನನ್ನ ಅರವತ್ತೆಂಟು ವರ್ಷದ ತಾಯಿಯಾಗಲಿ ನಾನಾಗಲಿ ಎರಡನೇ ಯೋಚನೆ ಮಾಡಲಿಲ್ಲ. ನಮ್ಮ ಕಡೆ ಬೈಪಾಸ್ ಎಂದರೆ ಅದೂ ಒಂದು ಬಸ್ ನಿಲ್ದಾಣವೇ. ನಾಲ್ಕು ಟೀ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಸಾಲಾಗಿ ನಿಂತ ಆಟೋಗಳು ಇದ್ದೇ ಇರುತ್ತವೆ. ಮುಂದಿನ ನಿಲುಗಡೆ ಮಂಡ್ಯ ಎಂಬ ಕಾರಣಕ್ಕೆ ಮಂಡ್ಯದವರೆಗಿನ ದರವನ್ನೇ ತೆತ್ತು ಕುಳಿತೆವು.

ಬಸ್ಸು ಮುಕ್ಕಾಲು ಗಂಟೆಯೊಳಗೆ ರಾಮನಗರವನ್ನು ದಾಟಿತು. ದಾಟಿತು ಎನ್ನುವುದೂ ತಪ್ಪು, ಏಕೆಂದರೆ ಊರು ನಮಗೆ ಕಾಣಿಸಲೇ ಇಲ್ಲ. ಅದಾದ ಸ್ವಲ್ಪ ಹೊತ್ತಿಗೆ ನಮ್ಮನ್ನು ಇಳಿಸಿದ್ದು ದಿಬ್ಬದಂತೆ ಎತ್ತರಿಸಿದ ಆರು ಪಥದ ರಸ್ತೆಯ ಅಂಚಿನಲ್ಲಿ. ನೆರಳಿಲ್ಲ, ಜನರಿಲ್ಲ, ಪಕ್ಕದಲ್ಲಿ ತಂತಿಬೇಲಿ. ಬೇಲಿಯ ಆಚೆ ಕೆಳಗಡೆ ಸರ್ವಿಸ್ ರಸ್ತೆಯಲ್ಲಿ ಆಟೋವೊಂದು ನಿಂತಿತ್ತು. ಅದರ ಚಾಲಕ ಕೈ ಬೀಸಿ, ಬೇಲಿಯನ್ನು ಯಾರೋ ಬಗ್ಗಿಸಿಟ್ಟಿದ್ದ ಜಾಗವನ್ನು ತೋರಿಸಿದ. ಅಮ್ಮ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ನನ್ನ ಹೆಗಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಆ ಸಂದಿಯಲ್ಲಿ ನುಸುಳಿ, ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಇಳಿದ ರೀತಿಯನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಊರೊಳಗೆ ಬಿಡಲು ಆಟೋದವ ಇನ್ನೂರು ರೂಪಾಯಿ ಕೇಳಿದ. "ನಾವು ಮೇಲಕ್ಕೆ ಬರೋ ಹಾಗಿಲ್ಲ ಸಾರ್, ಫೈನ್ ಹಾಕ್ತಾರೆ" ಎಂದು ಅವನು ಹೇಳಿದ್ದಂತೂ ನಿಜ. 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕ್, ಆಟೋ ಮತ್ತು ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಆಟೋ ಬರಲಾಗದ ಕಡೆ ಪ್ರಯಾಣಿಕರನ್ನು ಇಳಿಸಿದರೆ ಅವರು ಬೇಲಿ ನುಸುಳದೆ ಬೇರೆ ದಾರಿಯೇ ಇರುವುದಿಲ್ಲ.

ಈ ಬೈಪಾಸ್ ಉಳಿದವುಗಳಂತಲ್ಲ ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಬೆಂಗಳೂರು–ಮೈಸೂರು ರಸ್ತೆ ಮೊದಲು ರಾಜ್ಯ ಹೆದ್ದಾರಿ 17 ಆಗಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ನಡುಬೀದಿಯಲ್ಲೇ ಹಾದುಹೋಗುತ್ತಿತ್ತು. ಅದು ರಾಷ್ಟ್ರೀಯ ಹೆದ್ದಾರಿ 275 ಆಗಿ ಆರು ಪಥಕ್ಕೆ ಅಗಲವಾಗುವಾಗ ಊರುಗಳನ್ನು ತಪ್ಪಿಸಲು ಐದು ಬೈಪಾಸ್‌ಗಳನ್ನು ಹೊಸದಾಗಿ ಕಟ್ಟಲಾಯಿತು. ಒಟ್ಟು ಸುಮಾರು 118 ಕಿ.ಮೀ. ಹೆದ್ದಾರಿಯಲ್ಲಿ ಇವುಗಳ ಪಾಲು 52 ಕಿ.ಮೀ. ಅವುಗಳಲ್ಲಿ ಉದ್ದವಾದದ್ದು ರಾಮನಗರ ಮತ್ತು ಚನ್ನಪಟ್ಟಣ ಎರಡನ್ನೂ ಒಂದೇ ಬೀಸಿಗೆ ಬಿಟ್ಟು ಸಾಗುವ, ಸುಮಾರು 22 ಕಿ.ಮೀ.ನ ಈ ತುಂಡು. ಹೆದ್ದಾರಿ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು, ಎರಡು ದಿನಗಳಲ್ಲೇ ಕಾರಿಗೆ 135 ರೂಪಾಯಿಯಂತೆ ಟೋಲ್ ವಸೂಲಿಯೂ ಶುರುವಾಯಿತು. ಅದೇ ವಾರದ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ಬಳಿ ಸಂಗಬಸವನದೊಡ್ಡಿಯ ಕೆಳಸೇತುವೆಯಲ್ಲಿ ನೀರು ನಿಂತಿತು. ಆದ್ದರಿಂದ ದೊಡ್ಡ ಮಳೆ ಬಂದ ದಿನ ಕೆಳಸೇತುವೆಗಳ ಸ್ಥಿತಿಯನ್ನು ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು.

ಹಳೆಯ ಬೈಪಾಸ್‌ಗಳ ಪಕ್ಕದಲ್ಲಿ ಐದಾರು ವರ್ಷಗಳಲ್ಲಿ ಅಂಗಡಿಗಳು ಎದ್ದು, ಅದೇ ಊರಿನ ಎರಡನೇ ಪೇಟೆಯಾಗಿಬಿಡುತ್ತಿತ್ತು. ಇಲ್ಲಿ ಬೇಲಿ ಇರುವುದರಿಂದ ಹಾಗಾಗುವುದಿಲ್ಲ. ಅಂಗಡಿಗಳೆಲ್ಲ ಹಳೇ ರಸ್ತೆಯಲ್ಲೇ ಉಳಿದಿವೆ, ಗಿರಾಕಿಗಳು ಮಾತ್ರ ಮೇಲೆ ಹೋಗಿದ್ದಾರೆ. ಚನ್ನಪಟ್ಟಣದ ಬೊಂಬೆ ಅಂಗಡಿಗಳ ಸಾಲಿನಲ್ಲಿ ನಾವು ಒಂದು ಗಂಟೆ ಕಳೆದೆವು. ಹಾಲೆಮರದ ಬಿಲ್ಲೆಯನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದನ್ನು ಒಬ್ಬ ಕುಶಲಕರ್ಮಿ ನಮಗೆ ತೋರಿಸಿದರು. ಆ ಒಂದು ಗಂಟೆಯಲ್ಲಿ ಅಂಗಡಿಗೆ ಬಂದ ಕಾರುಗಳನ್ನು ಎಣಿಸಿದೆ: ಎರಡು.

ಊಟದ ವಿಷಯವನ್ನು ಮಾತ್ರ ನಾನು ಚುಟುಕಾಗಿ ಮುಗಿಸಲಾರೆ. ಹಳೇ ರಸ್ತೆಯ ಬದಿಯಲ್ಲಿ, ಫಲಕವೂ ಇಲ್ಲದ ಶೀಟಿನ ಮನೆಯೊಂದರಲ್ಲಿ ಮಧ್ಯಾಹ್ನ ಮುದ್ದೆ ಊಟ ಮಾಡಿದೆವು. ಒಳಗೆ ಹೆಂಗಸೊಬ್ಬರು ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಲ್ಲಿ ಹಿಟ್ಟು ತಿರುವುತ್ತಿದ್ದುದು ಬಾಗಿಲಿನಿಂದಲೇ ಕಾಣುತ್ತಿತ್ತು. ತಟ್ಟೆಗೆ ಬಿದ್ದ ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ. ಹುರುಳಿಕಾಳು ಬೇಯಿಸಿ ಬಸಿದ ಕಟ್ಟಿನ ಬಸ್ಸಾರು, ಅದೇ ಕಾಳಿನ ಪಲ್ಯ, ಹಸಿ ಈರುಳ್ಳಿ, ಕೊನೆಗೆ ಅನ್ನಕ್ಕೆ ನೀರು ಮಜ್ಜಿಗೆ. ಸಾರನ್ನು ಮೂರು ಸಲ ಕೇಳಿ ಹಾಕಿಸಿಕೊಂಡರೂ ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಇಬ್ಬರಿಗೆ ನೂರಾ ಇಪ್ಪತ್ತು ರೂಪಾಯಿ. ಬೇರೆಯವರ ಕೈಯಡುಗೆಯನ್ನು ಸುಲಭಕ್ಕೆ ಒಪ್ಪದ ನನ್ನ ತಾಯಿ, ಕೈ ತೊಳೆದುಕೊಂಡು ಬಂದು ಆ ಹೆಂಗಸಿನ ಬಳಿ ಒಗ್ಗರಣೆಗೆ ಏನು ಹಾಕಿದೆ ಎಂದು ವಿಚಾರಿಸಿದ್ದನ್ನು ನೋಡಿ ನಾನೇ ಬೆರಗಾದೆ. "ಮೊದ್ಲು ಈ ಹೊತ್ತಿಗೆ ಕೂರಕ್ಕೆ ಜಾಗ ಇರ್ತಿರ್ಲಿಲ್ಲ ಕಣವ್ವ, ಈಗೆಲ್ಲ ಮೇಲ್ಗಡೆ ಹೊಂಟೋಯ್ತಾರೆ" ಎಂದು ಆಕೆ ಹೇಳಿದರು.

ಮುಂದಿನ ಎರಡು ದಿನ ಮೈಸೂರಿನಲ್ಲಿದ್ದೆವು. ಅದು ಇಲ್ಲಿ ಬೇಕಿಲ್ಲ. ತಿಂಗಳ ನಂತರ ಭಾವನ ಕಾರಿನಲ್ಲಿ ಅದೇ ಬೈಪಾಸ್ ಮೇಲೆ ಹೋದಾಗ, ನೇರವಾಗಿ ಮೈಸೂರಿಗೆ ಹೋಗುವವರಿಗೆ ಅದು ವರವೇ ಎಂದು ಒಪ್ಪಿಕೊಳ್ಳಬೇಕಾಯಿತು. ಆದರೆ ನಾವು ಹೋದ ದಿನ ಆ ತುಂಡಿನಲ್ಲಿ ಒಂದು ಲೋಟ ಕಾಫಿಯಾಗಲಿ, ಹೆಂಗಸರು ಹೋಗಬಹುದಾದ ಶೌಚಾಲಯವಾಗಲಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಅದನ್ನೆಲ್ಲ ಮುಗಿಸಿಕೊಂಡೇ ಹತ್ತಬೇಕು. ವೇಗದ ಮಿತಿ ಕಾರಿಗೆ ಗಂಟೆಗೆ 100 ಕಿ.ಮೀ.; ಕ್ಯಾಮೆರಾಗಳಿವೆ, ದಂಡದ ಸಂದೇಶ ಮನೆಗೇ ಬರುತ್ತದೆ. ಹೊರಹೋಗುವ ದಾರಿಯನ್ನು ಒಮ್ಮೆ ತಪ್ಪಿಸಿಕೊಂಡರೆ ನಡುವೆ ಎಲ್ಲೂ ತಿರುಗಿಸಲು ಬರುವುದಿಲ್ಲ.

ರಾಮನಗರಕ್ಕೋ ಚನ್ನಪಟ್ಟಣಕ್ಕೋ ಹೋಗುವವರಿಗೆ ನಾನು ಹೇಳುವುದು ರೈಲು. ನಿಲ್ದಾಣಗಳು ಊರಿನಲ್ಲೇ ಇವೆ, ದರವೂ ಕಡಿಮೆ. ನಿಂತು ಪ್ರಯಾಣಿಸಲು ಅಭ್ಯಂತರ ಇರಬಾರದು ಅಷ್ಟೆ. ಬಸ್ಸೇ ಆಗಬೇಕೆಂದರೆ ಹಳೇ ರಸ್ತೆಯಲ್ಲಿ ಹೋಗುವ ಸಾಮಾನ್ಯ ಬಸ್ಸನ್ನೇ ಹಿಡಿಯಿರಿ. ಹತ್ತುವ ಮುನ್ನ "ಚನ್ನಪಟ್ಟಣಕ್ಕೆ ಹೋಗುತ್ತದೆಯೇ" ಎಂದು ಕೇಳಿದರೆ ಸಾಲದು, "ಬಸ್‌ಸ್ಟ್ಯಾಂಡ್ ಒಳಗೆ ಹೋಗುತ್ತದೆಯೇ" ಎಂದೇ ಕೇಳಬೇಕು.