ಯಾವ ರೆಕಾರ್ಡರ್ ತಗೊಳ್ಳಲಿ?

"ಅಜ್ಜಿ ಹಾಡುವ ಸೋಬಾನೆ ಪದ, ನಮ್ಮೂರಿನ ತಾಳಮದ್ದಳೆ, ಎರಡನ್ನೂ ರೆಕಾರ್ಡ್ ಮಾಡಬೇಕು. ಕೈಯಲ್ಲಿ ಹಿಡಿಯುವ ರೆಕಾರ್ಡರ್‌ಗಳಲ್ಲಿ ಯಾವುದು ಒಳ್ಳೆಯದು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ನಾನು ತಿರುಗಿ ಕೇಳುವುದು ಇಷ್ಟೇ: ಹಾಡುವವರಿಂದ ಎಷ್ಟು ದೂರ ಇಡುತ್ತೀರಿ?

ಅಜ್ಜಿ ಜಗಲಿಯಲ್ಲಿ ಕೂತು ಮೆಲ್ಲಗೆ ಹಾಡುತ್ತಾರೆ ಅನ್ನಿ. ಒಂದೆರಡು ಅಡಿಯೊಳಗೆ ಇಟ್ಟರೆ ಸಣ್ಣ ರೆಕಾರ್ಡರೇ ಸಾಕು. ಕೋಣೆಯ ಆಚೆ ಮೂಲೆಯಲ್ಲಿಟ್ಟರೆ ಎಷ್ಟು ದುಡ್ಡು ಕೊಟ್ಟಿದ್ದರೂ ಫ್ಯಾನಿನ ಸದ್ದೇ ಎದ್ದು ಕೇಳುತ್ತದೆ. ಮೆಲುದನಿ ಹಿಡಿಯಲು ಲೆವೆಲ್, ಅಂದರೆ ಸದ್ದನ್ನು ಎಷ್ಟು ಏರಿಸಿ ಹಿಡಿಯಬೇಕು ಅನ್ನುವ ಹೊಂದಿಕೆ, ಜಾಸ್ತಿ ಮಾಡಿದರೆ ಅಗ್ಗದ ರೆಕಾರ್ಡರ್‌ಗಳಲ್ಲಿ ಅದರದ್ದೇ ಒಂದು 'ಸ್ಸ್' ಅನ್ನುವ ಸದ್ದು ಸೇರಿಕೊಳ್ಳುತ್ತದೆ.

ನಿಜವಾದ ಪರೀಕ್ಷೆ ತಾಳಮದ್ದಳೆಯದು. ಅರ್ಥಧಾರಿ ದನಿ ತಗ್ಗಿಸಿ ಮಾತಾಡುತ್ತಿರುತ್ತಾರೆ. ಮರುಕ್ಷಣ ಚೆಂಡೆ ಬೀಳುತ್ತದೆ. ಮಾತಿಗೆ ಸರಿಯಾಗಿ ಲೆವೆಲ್ ಇಟ್ಟಿದ್ದರೆ ಚೆಂಡೆ ಒಡೆದು ಕೇಳುತ್ತದೆ, ಆಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ. ಆಟೋ ಲೆವೆಲ್ ಹಾಕಿದರೆ ಪೆಟ್ಟು ಬಿದ್ದ ಕೂಡಲೇ ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಭಾಗವತರ ದನಿ ಮುಳುಗಿ, ನಿಧಾನವಾಗಿ ಮೇಲೇಳುತ್ತದೆ. ಕೇಳೋಕೆ ಸಂಕಟ ಆಗುತ್ತದೆ.

ಹಾಗಾಗಿ 32 ಬಿಟ್ ಫ್ಲೋಟ್, ಅಂದರೆ ತೀರಾ ಮೆಲುದನಿಯನ್ನೂ ತೀರಾ ಜೋರಿನ ಸದ್ದನ್ನೂ ಒಟ್ಟಿಗೇ ಹಿಡಿದಿಡುವ ರೆಕಾರ್ಡಿಂಗ್ ವಿಧಾನ, ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ. 2024ರಲ್ಲಿ ಬಂದ ಝೂಮ್ ಎಚ್1ಎಸೆನ್ಷಿಯಲ್ ಇಂಥದ್ದು. ಮೊದಲೇ ಲೆವೆಲ್ ಹೊಂದಿಸುವ ಕೆಲಸವಿಲ್ಲ. ಕಂಪ್ಯೂಟರಿನಲ್ಲಿ ಪಿಸುಮಾತನ್ನು ಏರಿಸಬಹುದು, ಚೆಂಡೆಯನ್ನು ಇಳಿಸಬಹುದು. ಆದರೆ ಮೈಕಿಗೂ ಒಂದು ಮಿತಿ ಇದೆ. ಇದರಲ್ಲಿ ಅದು 120 ಡೆಸಿಬೆಲ್. ಅದನ್ನು ಮೀರಿದ ಸದ್ದು ಮೈಕಿನಲ್ಲೇ ಕೆಡುತ್ತದೆ, ಯಾವ ಫ್ಲೋಟ್ ಕೂಡ ಉಳಿಸುವುದಿಲ್ಲ. ಚೆಂಡೆಯ ಪಕ್ಕದಲ್ಲೇ ಇಡಬೇಡಿ.

ಮೈಕ್ ಇಟ್ಟಿರುವ ರೀತಿಯನ್ನೂ ನೋಡಿ. ಈ ಝೂಮ್‌ನಲ್ಲಿ ಎರಡು ಮೈಕ್ ಒಂದಕ್ಕೊಂದು ಅಡ್ಡವಾಗಿ ಮುಂದಕ್ಕೆ ಮುಖ ಮಾಡಿರುತ್ತವೆ, ಎದುರಿನ ಸದ್ದನ್ನು ಹೆಚ್ಚು ಹಿಡಿಯುತ್ತವೆ. ಟ್ಯಾಸ್ಕ್ಯಾಮ್ ಡಿಆರ್-05ಎಕ್ಸ್‌ನ ಮೈಕುಗಳು ಸುತ್ತಲಿನದ್ದನ್ನೆಲ್ಲ ಹಿಡಿಯುತ್ತವೆ. ಹೆಂಗಸರು ಸುತ್ತ ಕೂತು ಪದ ಹೇಳುವಾಗ ಅದನ್ನು ನಡುವೆ ಇಟ್ಟರೆ ಬಹಳ ಚೆಂದ. ಜನ ಮಾತಾಡುವ ಚಪ್ಪರದಲ್ಲಿ ಅದೇ ಗುಣ ತೊಂದರೆ ಕೊಡುತ್ತದೆ, ಅಲ್ವಾ? ಅದರಲ್ಲಿ 32 ಬಿಟ್ ಫ್ಲೋಟ್ ಕೂಡ ಇಲ್ಲ. ಲೆವೆಲ್ ನೀವೇ ಇಡಬೇಕು. ಜೋರಾದ ಸದ್ದೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವ ಹಾಗೆ ನೋಡಿಕೊಳ್ಳಿ.

ತೋಟದಲ್ಲಿ, ಗದ್ದೆ ಬಯಲಿನಲ್ಲಿ ಬಳಸುವುದಾದರೆ ಕೂದಲಿನ ಗಾಳಿಗವಸನ್ನು ಜೊತೆಗೇ ಕೊಳ್ಳಿ. ಬರೀ ಸ್ಪಂಜಿನ ಟೊಪ್ಪಿ ಗಾಳಿಗೆ ನಿಲ್ಲುವುದಿಲ್ಲ. ಸೆಲ್ ಹಾಕುವ ಮಾದರಿಯೇ ನನಗಿಷ್ಟ, ನಡುರಾತ್ರಿ ಮುಗಿದರೂ ಬದಲಾಯಿಸಬಹುದು. ಕಾರ್ಡಿನ ಚಿಂತೆ ಬೇಡ. 48 ಕಿಲೋಹರ್ಟ್ಸ್‌ನಲ್ಲಿ 32 ಬಿಟ್ ಫ್ಲೋಟ್ ಸ್ಟೀರಿಯೊ ಗಂಟೆಗೆ ಸುಮಾರು 1.4 ಜಿಬಿ. ಇಡೀ ರಾತ್ರಿಯ ಆಟಕ್ಕೆ 32 ಜಿಬಿ ಸಾಕು.

ಧ್ವನಿವರ್ಧಕ ಇಟ್ಟ ಕೂಟಗಳಿಗೇ ಜಾಸ್ತಿ ಹೋಗುವವರಾದರೆ ಸ್ವಲ್ಪ ದುಡ್ಡು ಸೇರಿಸಿ ಝೂಮ್‌ನದೇ ಎಚ್4ಎಸೆನ್ಷಿಯಲ್ ತಗೊಳ್ಳಿ. ಅದರಲ್ಲಿ ಎಕ್ಸ್‌ಎಲ್‌ಆರ್ ಕೇಬಲ್ (ಸೌಂಡಿನವರು ಮೈಕಿಗೆ ಬಳಸುವ ಮೂರು ಪಿನ್ನಿನ ಕೇಬಲ್) ಚುಚ್ಚುವ ಜಾಗ ಎರಡಿವೆ. ಸೌಂಡಿನವರನ್ನು ಮೊದಲೇ ಕೇಳಿಕೊಂಡರೆ ಮಿಕ್ಸರಿನಿಂದ ಭಾಗವತರ ದನಿ ನೇರ ಸಿಗುತ್ತದೆ, ಸಭೆಯ ಚಪ್ಪಾಳೆ ರೆಕಾರ್ಡರಿನದೇ ಮೈಕಿನಲ್ಲಿ ಬರುತ್ತದೆ.