ಆಂಗಾಂಗೆಯೊ ಬೆಟ್ಟದ ಮೊನಾರ್ಕ್ ಚಿಟ್ಟೆಗಳು

ಮೆಕ್ಸಿಕೋ ಸಿಟಿಯಿಂದ ಪಶ್ಚಿಮಕ್ಕೆ ಕೆಲವು ಗಂಟೆಯ ದಾರಿ. ಆಂಗಾಂಗೆಯೊ ಒಂದು ಕಾಲದಲ್ಲಿ ಗಣಿಗಾರರ ಊರು. ಈಗ ಫೆಬ್ರವರಿ ಬಂತೆಂದರೆ ಚಿಟ್ಟೆ ನೋಡುವವರ ಜಾತ್ರೆ.

ಎಲ್ ರೊಸಾರಿಯೊ ಕಾಡು ಅಲ್ಲಿಂದ ಹತ್ತಿರವೇ, ಆದರೆ 3,000 ಮೀಟರ್ ಎತ್ತರದಲ್ಲಿದೆ. ನಾಲ್ಕು ಹೆಜ್ಜೆಗೆ ಏದುಸಿರು. ಜೊತೆಯವರು ಜಾಣರು, ಕುದುರೆ ಹತ್ತಿದರು. ನಾನು ಹಟ ಹಿಡಿದು ನಡೆದೆ.

ಮೇಲೆ ಹೋದರೆ ಮೊದಲಿಗೆ ಚಿಟ್ಟೆಯೇ ಕಾಣಲಿಲ್ಲ. ಒಯಾಮೆಲ್ ಎಂಬ ಸೂಜಿ ಎಲೆಯ ಮರಗಳ ಕೊಂಬೆ ತುಂಬ ಒಣಗಿದ ಎಲೆಯಂಥ ಗೊಂಚಲುಗಳು, ಭಾರಕ್ಕೆ ಕೊಂಬೆಯೇ ಬಾಗಿತ್ತು. ಮೋಡ ಸರಿದು ಬಿಸಿಲು ಬಿತ್ತು ನೋಡಿ, ಗೊಂಚಲೆಲ್ಲ ಬಿಚ್ಚಿಕೊಂಡು ಕಿತ್ತಳೆ ಬಣ್ಣ ಹಾರತೊಡಗಿತು. ಇಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಹಾಗಾಗಿ ರೆಕ್ಕೆಗಳ ಸರಸರ ಸದ್ದು ಚೆನ್ನಾಗಿಯೇ ಕೇಳುತ್ತದೆ.

ಇವು ಕೆನಡಾ, ಅಮೆರಿಕದಿಂದ ಬಂದವು. ಕೆಲವು 4,000 ಕಿಲೋಮೀಟರ್ ಹಾರಿ ಬರುತ್ತವೆ. ಮಾರ್ಚ್‌ನಲ್ಲಿ ಉತ್ತರಕ್ಕೆ ಹೊರಟು, ಟೆಕ್ಸಾಸ್ ಕಡೆ ಮೊಟ್ಟೆಯಿಟ್ಟು ಸಾಯುತ್ತವೆ. ಮುಂದಿನ ಚಳಿಗಾಲಕ್ಕೆ ಇಲ್ಲಿಗೆ ಬರುವುದು ಇವುಗಳ ಮರಿಮಕ್ಕಳು. ದಾರಿ ತೋರಿಸಲು ಯಾರೂ ಉಳಿದಿರುವುದಿಲ್ಲ ಅಲ್ವಾ!

ಕಾಲ್ದಾರಿಯಲ್ಲಿ ಸತ್ತ ಚಿಟ್ಟೆಗಳೂ ಬಿದ್ದಿದ್ದವು. ಒಂದಕ್ಕೆ ರೆಕ್ಕೆ ನೆಟ್ಟಗಿತ್ತು, ಹೊಟ್ಟೆ ಮಾತ್ರ ಇರಲಿಲ್ಲ. ಹಕ್ಕಿ ತಿಂದಿದ್ದು. ಮರಿಹುಳುಗಳು ತಿನ್ನುವ ಮಿಲ್ಕ್‌ವೀಡ್ ನಮ್ಮ ಎಕ್ಕದ ನಂಟು, ಅದರ ವಿಷ ಚಿಟ್ಟೆಯ ಮೈಯಲ್ಲೂ ಉಳಿಯುತ್ತದೆ. ಇಲ್ಲಿನ ಒಂದೆರಡು ಜಾತಿಯ ಹಕ್ಕಿಗಳು ಅದಕ್ಕೂ ಜಗ್ಗುವುದಿಲ್ಲ.

ಹಕ್ಕಿಗಿಂತ ದೊಡ್ಡ ಏಟು ಬೇರೆಯದು. ಚಿಟ್ಟೆಗಳ ತಲೆ ಎಣಿಸಲು ಆಗುವುದಿಲ್ಲ, ಎಷ್ಟು ಕಾಡು ತುಂಬಿವೆ ಅಂತ ಅಳೆಯುತ್ತಾರೆ. 1996-97ರಲ್ಲಿ 18 ಹೆಕ್ಟೇರ್ ಇದ್ದದ್ದು 2013-14ರಲ್ಲಿ 0.67ಕ್ಕೆ ಇಳಿಯಿತು. ಅಮೆರಿಕದ ಹೊಲಗಳಲ್ಲಿ ಕಳೆನಾಶಕ ಹೊಡೆದು ಮಿಲ್ಕ್‌ವೀಡ್ ಹೋಯಿತು, ಇಲ್ಲಿ ಮರಗಳ್ಳರು ಕಾಡಿಗೆ ಕೈ ಹಾಕಿದರು. ಎಲ್ ರೊಸಾರಿಯೊ ನೋಡಿಕೊಳ್ಳುತ್ತಿದ್ದ ಒಮೆರೊ ಗೋಮೆಸ್ ಮೊದಲು ತಾವೇ ಮರ ಕಡಿಯುತ್ತಿದ್ದವರು. 2020ರ ಜನವರಿಯಲ್ಲಿ ಕಾಣೆಯಾದರು, ಆಮೇಲೆ ಹೆಣ ಬಾವಿಯಲ್ಲಿ ಸಿಕ್ಕಿತು.

ಈ ಕಾಡು ಊರವರ ಸಾಮೂಹಿಕ ಆಸ್ತಿ. ಟಿಕೆಟ್, ಗೈಡ್, ಕುದುರೆ, ರೊಟ್ಟಿ ಅಂಗಡಿ ಎಲ್ಲ ಅವರದೇ. ಮರ ನಿಂತಿದ್ದರೂ ಅವರಿಗೆ ಊಟ ಹುಟ್ಟಬೇಕು. ದಯವಿಟ್ಟು ಅಲ್ಲಿ ಚೌಕಾಸಿ ಮಾಡಬೇಡಿ.

ಸೀಸನ್ ಮುಗಿದ ಮೇಲೆ ಏನು ಮಾಡ್ತೀರಿ ಅಂತ ನಮ್ಮ ಗೈಡನ್ನು ಕೇಳಿದೆ. ಮೆಕ್ಕೆಜೋಳ ಬೆಳೀತೀವಿ ಅಂದರು. ಮಗ ಟೆಕ್ಸಾಸ್‌ನಲ್ಲಿ ಗಾರೆ ಕೆಲಸಕ್ಕಿದ್ದಾನಂತೆ.