ರಕ್ತ ಬರುವ ಕಡೆಯೇ ಬ್ರಶ್ ಹಚ್ಚಿರಿ

ವಿಜಯಪುರದ ನನ್ನ ಕ್ಲಿನಿಕ್ಕಿಗೆ ಹಲ್ಲುನೋವು ಅಂತ ಬರುವವರೇ ಹೆಚ್ಚು. ವಸಡು ತೋರಿಸಲು ಬರುವವರು ಬಹಳ ಕಡಿಮೆ, ಯಾಕಂದರೆ ವಸಡಿನ ರೋಗ ಬಹುಕಾಲ ನೋಯುವುದೇ ಇಲ್ಲ. ಬ್ರಶ್ ಮಾಡುವಾಗ ಒಂಚೂರು ರಕ್ತ, ಬಾಯಿವಾಸನೆ, ಅಷ್ಟೇ. ಉಷ್ಣ ಆಗಿದೆ ಅಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ.

ಇಂಡಿ ಕಡೆಯ ಲಿಂಬೆ ತೋಟದ ಹಿರಿಯರೊಬ್ಬರು ಹೀಗಂದರು: "ಆ ಬದಿ ಮುಟ್ಟಿದ್ರ ರಕ್ತ ಬರತೈತ್ರಿ ಮೇಡಮ್‌ರ, ಅದಕ್ಕ ಅಲ್ಲಿ ಬ್ರಶ್ ಹಚ್ಚೂದ ಬಿಟ್ಟೀನ್ರಿ." ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯನ್ನು ಹಲ್ಲು-ವಸಡಿನ ನಡುವೆ ಇಳಿಸಿ ನೋಡಿದೆ. ಆರೋಗ್ಯವಂತ ವಸಡಿನಲ್ಲಿ ಅದು 1ರಿಂದ 3 ಮಿ.ಮೀ. ಇಳಿದು ನಿಲ್ಲುತ್ತದೆ. ಇವರ ದವಡೆ ಹಲ್ಲಿನ ಬಳಿ 7ರ ತನಕ ಇಳಿಯಿತು, ಹೊರಗೆ ತೆಗೆಯುವಷ್ಟರಲ್ಲಿ ರಕ್ತ ಅಂಚಿನ ತನಕ ತುಂಬಿತ್ತು.

ಆ ರಕ್ತ ಯಾರಿಗೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ. ವಸಡಿನ ರೋಗದ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದು ಪಾರ್ಫಿರೊಮೊನಾಸ್ ಜಿಂಜಿವಾಲಿಸ್. ಗಾಳಿ ಅದಕ್ಕೆ ಆಗುವುದಿಲ್ಲ, ರಕ್ತದಲ್ಲಿರುವ ಹೀಮ್ ಎಂಬ ಕಬ್ಬಿಣವುಳ್ಳ ಅಂಶ ಇಲ್ಲದೆ ಬೆಳೆಯುವುದಿಲ್ಲ. ಎಂ.ಡಿ.ಎಸ್. (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುವಾಗ ಇದನ್ನು ರಕ್ತ ಬೆರೆಸಿದ ಅಗಾರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ, ಆಮ್ಲಜನಕ ತೆಗೆದ ಜಾರಿನಲ್ಲಿಟ್ಟು ಬೆಳೆಸುತ್ತಿದ್ದೆವು. ಮೊದಲು ಕೆನೆಬಣ್ಣದ ಚುಕ್ಕೆಗಳು. ದಿನ ಕಳೆದಂತೆ ಅಂಚಿನಿಂದ ಕಂದಾಗಿ, ಕೊನೆಗೆ ಕಾಡಿಗೆಯಷ್ಟು ಕಪ್ಪು. ರಕ್ತದ ಹೀಮ್ ಅನ್ನು ಎಳೆದು ತನ್ನ ಮೈಮೇಲೆ ಕೂಡಿಟ್ಟುಕೊಳ್ಳುವುದರಿಂದ ಬರುವ ಬಣ್ಣ ಅದು.

ಒಳಗೆ ನುಗ್ಗುವ ಬಗೆಯಂತೂ ಬೆರಗು ಹುಟ್ಟಿಸುತ್ತದೆ. ಅದರ ಮೈಮೇಲಿನ ಸಣ್ಣ ಎಳೆಗಳು ವಸಡಿನ ಕೋಶದ ಹೊರಗಿರುವ ಇಂಟಿಗ್ರಿನ್ ಎಂಬ ಪ್ರೋಟೀನನ್ನು ಹಿಡಿಯುತ್ತವೆ. ಹಿಡಿದ ಕೂಡಲೇ ಕೋಶದ ಒಳಗಿನ ಚೌಕಟ್ಟೇ ಅಲುಗಾಡಿ, ಕೋಶ ತಾನಾಗಿಯೇ ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಅರ್ಧ ಗಂಟೆಯೂ ಬೇಕಾಗಿಲ್ಲ. ಒಳಗೆ ಹೋದದ್ದು ಕೋಶವನ್ನು ಕೊಲ್ಲುವ ಬದಲು ಅದು ಸಾಯುವುದನ್ನೇ ತಡೆಯುತ್ತದೆ, ಬಿಳಿ ರಕ್ತಕಣಗಳನ್ನು ಕರೆಯುವ ಸಂಕೇತವನ್ನೂ ಅಡಗಿಸುತ್ತದೆ. ಅಲ್ಲಿಂದ ಪಕ್ಕದ ಕೋಶಕ್ಕೆ, ಹೊರಗೆ ಕಾಲಿಡದೆಯೇ ದಾಟಬಲ್ಲದು. ಹೊರಗಿರುವ ಅದರ ಸಂಗಡಿಗರು ಜಿಂಜಿಪೇನ್ ಎಂಬ ಕಿಣ್ವಗಳಿಂದ ಕೋಶ-ಕೋಶಗಳ ನಡುವಿನ ಬೆಸುಗೆಯನ್ನು ಕತ್ತರಿಸುತ್ತಾರೆ. ಜೊತೆಗೆ ಟ್ರೆಪೊನೆಮಾ ಡೆಂಟಿಕೋಲಾ ಅಂತ ಒಂದು ಸುರುಳಿ ಜೀವಿ, ಅದು ಕೊರೆದುಕೊಂಡು ಆ ಸಂದಿಯಲ್ಲೇ ನುಸುಳುತ್ತದೆ.

ಆಮೇಲೆ ನಮ್ಮ ದೇಹ ಎಚ್ಚೆತ್ತು ಯುದ್ಧಕ್ಕೆ ನಿಂತಾಗ, ಆ ಉರಿಯೂತದಿಂದಲೇ ಹಲ್ಲು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ಕರಗಿದ ಮೂಳೆ ಬಹುಪಾಲು ಮರಳಿ ಬರುವುದಿಲ್ಲ.

ಇದು ಗೊತ್ತಿದ್ದರೆ ರಕ್ತ ಬರುವ ಕಡೆ ಬ್ರಶ್ ಬಿಡುವುದು ಯಾಕೆ ಕೆಡುಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳ ಪಾಚಿ ಕೂತಲ್ಲೇ ದಪ್ಪಗಾಗುತ್ತದೆ, ಉರಿಯೂತ ಹೆಚ್ಚಿ ಇನ್ನಷ್ಟು ರಕ್ತ ಜಿನುಗುತ್ತದೆ, ಆ ರಕ್ತವೇ ಇವುಗಳ ಊಟ. 1965ರಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ 12 ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಮೂಳೆ ಕರಗುವ ಮೊದಲಿನ ಹಂತ ಪೂರ್ತಿ ನಮ್ಮ ಕೈಯಲ್ಲೇ ಇದೆ.

ಬೀಡಿ-ಸಿಗರೇಟು ಸೇದುವವರಿಗೆ ಒಂದು ಮಾತು: ನಿಮ್ಮ ವಸಡಿನಲ್ಲಿ ರಕ್ತ ಕಾಣದಿದ್ದರೆ ನೆಚ್ಚಿಕೊಳ್ಳಬೇಡಿ. ರೋಗ ಒಳಗೆ ಬೆಳೆದಿದ್ದರೂ ಹೊರಗೆ ರಕ್ತ ಕಡಿಮೆಯೇ ಕಾಣುತ್ತದೆ. ಶುಗರ್ ಇರುವವರು ವಸಡು ತೋರಿಸಲೇಬೇಕು. ಒಂದು ಇನ್ನೊಂದನ್ನು ಕೆಡಿಸುತ್ತದೆ.

ಆ ಹಿರಿಯರು ಗುಳಿಗೆ ಕೊಡಿ ಸಾಕು ಅಂದರು. ಕೋಶದೊಳಗೆ ಅಡಗಿದ್ದಕ್ಕೆ, ಪಾಚಿಯ ಪದರದೊಳಗೆ ಕೂತದ್ದಕ್ಕೆ ಗುಳಿಗೆ ಸರಿಯಾಗಿ ತಾಗುವುದಿಲ್ಲ, ಬಾಯಿ ಮುಕ್ಕಳಿಸುವ ಔಷಧಿ 7 ಮಿ.ಮೀ. ಆಳಕ್ಕೆ ಇಳಿಯುವುದಿಲ್ಲ. ಬೇರಿನ ತನಕ ಸ್ವಚ್ಛ ಮಾಡಲೇಬೇಕು. "ಸ್ವಚ್ಛ ಮಾಡ್ಸಿದ್ರ ಹಲ್ಲು ಸಡ್ಲ ಆಗ್ತಾವಂತ್ರಿ" ಅಂತ ಅವರ ಮಗನ ಆತಂಕ. ಈ ಮಾತು ನಮ್ಮ ಜಿಲ್ಲೆಯ ಎಷ್ಟು ಹಲ್ಲುಗಳನ್ನು ಬಲಿ ತೆಗೆದುಕೊಂಡಿದೆಯೋ. ಮೂಳೆ ಕರಗಿದಾಗಲೇ ಹಲ್ಲು ಸಡಿಲಾಗಿರುತ್ತದೆ. ಗಟ್ಟಿಯಾದ ಪಾಚಿ ಹಲ್ಲಿಗೆ ಹಲ್ಲು ಅಂಟಿಸಿ ಅದನ್ನು ಮರೆಸಿರುತ್ತದೆ, ತೆಗೆದಾಗ ಗೊತ್ತಾಗುತ್ತದೆ. ಎಕ್ಸ್‌ರೇ ತೆಗೆದು ಮೂಳೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ ಮೇಲೆ ಇಬ್ಬರೂ ಒಪ್ಪಿದರು, ಅವತ್ತೇ ಬಲಬದಿ ಮುಗಿಸಿದೆ.